ಒಂಬತ್ತನೇ ಕ್ಲಾಸಿನವರಿಗೆ ಓದಿನ ಹುಚ್ಚು ಹಿಡಿಸುವ ಪುಸ್ತಕ ಯಾವುದು?

ದುರ್ಗದ ಕನ್ನಡ ಟೀಚರ್:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ದಡ್ಡರಲ್ಲ, ಫೋನ್ ಸಿಕ್ಕಿದರೆ ಕ್ರಿಕೆಟ್ ಸುದ್ದಿ, ಸಿನಿಮಾ ಸುದ್ದಿ, ಅದರ ಕೆಳಗಿನ ಜಗಳ ಎಲ್ಲವನ್ನೂ ಬಿಡದೆ ಓದುತ್ತಾರೆ. ಪುಸ್ತಕ ಕೊಟ್ಟರೆ ಮಾತ್ರ ಮೊದಲು ಕೊನೆ ಪುಟ ತಿರುಗಿಸಿ ಎಷ್ಟು ಪೇಜು ಅಂತ ನೋಡುತ್ತಾರೆ, ಆಮೇಲೆ "ಮಿಸ್, ಇದು ಪರೀಕ್ಷೆಗೆ ಬರುತ್ತಾ?" ಬರಲ್ಲ ಅಂದ ತಕ್ಷಣ ಮುಗಿಯಿತು.

ಸ್ಕೂಲಿನ ಬೀರುವಿನಲ್ಲಿ ಪುಸ್ತಕಗಳೇನೋ ಇವೆ. ಮಹಾಪುರುಷರ ಜೀವನಚರಿತ್ರೆ, ನೀತಿಕಥೆ, ವ್ಯಕ್ತಿತ್ವ ವಿಕಸನ, ಇಂಥವೇ ಜಾಸ್ತಿ. ಕೆಲವನ್ನು ಯಾರೂ ಬಿಡಿಸಿಯೇ ಇಲ್ಲ. ಈಗ ಹಳೆಯ ವಿದ್ಯಾರ್ಥಿಗಳು ಸ್ವಲ್ಪ ದುಡ್ಡು ಕೊಟ್ಟಿದ್ದಾರೆ, ಒಂದಿಷ್ಟು ಹೊಸ ಪುಸ್ತಕ ತರಿಸಬಹುದು. ಜ್ಞಾನಪೀಠದ ಪಟ್ಟಿ ದಯವಿಟ್ಟು ಬೇಡ, ಅದು ನನಗೂ ಗೊತ್ತು. ಹಿಂದಿನ ಬೆಂಚಿನವನು ತಾನೇ ಓದಿ ಪಕ್ಕದವನಿಗೆ "ಲೋ ಇದನ್ನ ಓದೋ" ಅನ್ನಬೇಕು, ಅಂಥದ್ದು ಹೇಳಿ.

ಕಾಫಿಸೀಮೆಯವ:

ಮೇಡಂ, ಪೂರ್ಣಚಂದ್ರ ತೇಜಸ್ವಿ. ಇದು ಯಾರಾದರೂ ಹೇಳುವ ಉತ್ತರವೇ, ಆದರೆ ಯಾವುದರಿಂದ ಶುರು ಮಾಡಬೇಕು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ. ನೇರವಾಗಿ 'ಕರ್ವಾಲೊ' ಕೊಟ್ಟುಬಿಡುತ್ತಾರೆ. ಅದು ನನ್ನ ಅಚ್ಚುಮೆಚ್ಚಿನ ಪುಸ್ತಕ, ಆದರೂ ಹೇಳುತ್ತೇನೆ, ಓದಿ ಅಭ್ಯಾಸವೇ ಇಲ್ಲದ ಹುಡುಗ, ಕಥೆಯವರು ಹಾರುವ ಓತಿ ಹುಡುಕಲು ಕಾಡಿಗೆ ಹೊರಡುವವರೆಗೆ ಕಾಯುವುದಿಲ್ಲ.

ಮೊದಲು 'ರುದ್ರಪ್ರಯಾಗದ ಭಯಾನಕ ನರಭಕ್ಷಕ' ಕೊಡಿ. ಜಿಮ್ ಕಾರ್ಬೆಟ್ ಬರೆದದ್ದನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು. ಒಂದೇ ಚಿರತೆ, 1918ರಿಂದ 1926ರವರೆಗೆ 125 ಜನರನ್ನು ತಿಂದಿದೆ, ಅದೂ ಸರ್ಕಾರಿ ಲೆಕ್ಕದಲ್ಲಿ. ಕತ್ತಲಾದ ಮೇಲೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಇಷ್ಟು ಹೇಳಿ ಪುಸ್ತಕ ಮೇಜಿನ ಮೇಲಿಟ್ಟು ಸುಮ್ನೆ ಇದ್ದುಬಿಡಿ, ಯಾರಾದರೂ ಎತ್ತಿಕೊಳ್ಳುತ್ತಾರೆ.

ಅದು ಹಿಡಿಸಿದರೆ ಮುಂದೆ 'ಕಾಡಿನ ಕಥೆಗಳು', ಕೆನೆತ್ ಆಂಡರ್ಸನ್ ಶಿಕಾರಿಯ ಅನುಭವಗಳು. ಇದರಲ್ಲೊಂದು ಮಜಾ ಏನಂದರೆ ಸುಮಾರು ಊರುಗಳು ನಮ್ಮ ಕಡೆಯವೇ. ಒಂದು ಭಾಗದ ಹೆಸರೇ 'ಜಾಲಹಳ್ಳಿಯ ಕುರ್ಕ'. ಕುರ್ಕ ಅಂದರೆ ಚಿರತೆ. ಈಗ ಜಾಲಹಳ್ಳಿಯಲ್ಲಿ ಮೆಟ್ರೋ ಸ್ಟೇಷನ್ ಇದೆ, ಬೆಂಗಳೂರು ನೋಡಿರುವ ಹುಡುಗರಿಗೆ ಅದನ್ನು ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಆಮೇಲೆ 'ಜುಗಾರಿ ಕ್ರಾಸ್'. ಏಲಕ್ಕಿ ಮಾರಿ ಊರಿಗೆ ಹೊರಟ ಗಂಡ ಹೆಂಡತಿ, ಹಿಂದೆ ಬಿದ್ದವರು, ಕಾಡು, ರೈಲು. ಸಿನಿಮಾ ನೋಡಿದ ಹಾಗೇ ಓಡುತ್ತದೆ. ಇದೆಲ್ಲಾ ಆದಮೇಲೆ ಕರ್ವಾಲೊ. ಊರವರ ಕಣ್ಣಿಗೆ ಯಾವ ಕೆಲಸಕ್ಕೂ ಬಾರದ ಮಂದಣ್ಣನ ಮಾತಿಗೆ ದೊಡ್ಡ ವಿಜ್ಞಾನಿಯೊಬ್ಬರು ಕಿವಿಗೊಡುತ್ತಾರಲ್ಲ, ಅದು ನಿಮ್ಮ ಹಿಂದಿನ ಬೆಂಚಿಗೆ ನಾಟದೆ ಇರದು.

ರಿಟೈರ್ಡ್ ಮೇಷ್ಟ್ರು:

ಪುಸ್ತಕದ ಹೆಸರು ಬೇರೆಯವರು ಹೇಳುತ್ತಾರೆ. ನಾನು ಬೀರುವಿನ ವಿಷಯ ಹೇಳುತ್ತೇನಮ್ಮಾ. ಅದಕ್ಕೆ ಬೀಗ ಯಾಕೆ ಬೀಳುತ್ತದೆ ಅಂದರೆ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಪುಸ್ತಕ ಕಮ್ಮಿಯಾದರೆ ಲೈಬ್ರರಿ ಚಾರ್ಜ್ ಇರುವ ಮೇಷ್ಟ್ರು ತಾನೇ ಉತ್ತರ ಕೊಡಬೇಕು, ವರ್ಗ ಆಗುವಾಗ ಲೆಕ್ಕ ಒಪ್ಪಿಸಬೇಕು. ಅದಕ್ಕೇ ಯಾರೂ ಕೊಡುವ ಗೋಜಿಗೆ ಹೋಗುವುದಿಲ್ಲ. ಈ ದಾನದ ದುಡ್ಡಿನ ಪುಸ್ತಕಗಳನ್ನು ಹೆಡ್‌ಮಾಸ್ಟರ ಹತ್ತಿರ ಮೊದಲೇ ಮಾತಾಡಿಕೊಂಡು ಬೇರೆಯಾಗಿ ಇಡಿ. ಕ್ಲಾಸಿನಲ್ಲೇ, ಮಕ್ಕಳ ಕೈಗೆ ಸಿಗುವಂತೆ. ಒಂದು ನೋಟ್‌ಬುಕ್ಕಿನಲ್ಲಿ ಅವರೇ ಹೆಸರು ಬರೆದುಕೊಂಡು ಒಯ್ಯಲಿ. ನಾಲ್ಕು ಕಳೆದುಹೋಗುತ್ತವೆ, ಹೋಗಲಿ ಬಿಡಿ. ಕಳೆದುಹೋದ ಪುಸ್ತಕವನ್ನೂ ಎಲ್ಲೋ ಯಾರೋ ಓದುತ್ತಿರುತ್ತಾರೆ, ಬೀಗದೊಳಗಿನದನ್ನು ಗೆದ್ದಲು ಮಾತ್ರ ಓದುತ್ತದೆ.

ಇನ್ನೊಂದು. ಓದಿದ ಮೇಲೆ ಸಾರಾಂಶ ಬರೆಯಿರಿ, ಲೇಖಕರ ಪರಿಚಯ ಬರೆಯಿರಿ, ಇದರಿಂದ ಕಲಿತ ನೀತಿ ಏನು ಅಂತ ಖಂಡಿತ ಕೇಳಬೇಡಿ. ಕೇಳಿದಿರೋ, ಅದೂ ಹೋಮ್‌ವರ್ಕ್ ಆಯಿತು. ಪೀರಿಯಡ್ ಮುಗಿಯಲು ಹತ್ತು ನಿಮಿಷ ಇದ್ದಾಗ ನೀವೇ ಜೋರಾಗಿ ಓದಿ, ಕಥೆ ಬಿಗಿಯಾದ ಕಡೆ ಬೆಲ್ ಹೊಡೆಯುವ ಹಾಗೆ ನೋಡಿಕೊಳ್ಳಿ. ಹಿಂದೆ ಸುಧಾ, ತರಂಗದ ಧಾರಾವಾಹಿಗಳು ಮನೆಮಂದಿಯನ್ನೆಲ್ಲ ಕಾಯಿಸುತ್ತಿದ್ದದ್ದು ಇದೇ ಉಪಾಯದಿಂದ ಅಲ್ವಾ.

ಸಂಡೂರಿನಾಕೆ:

ಎಲ್ಲರೂ ಹುಲಿ ಚಿರತೆ ಬಂದೂಕು ಅಂತಲೇ ಹೇಳುತ್ತಿದ್ದೀರಿ, ಕ್ಲಾಸಿನಲ್ಲಿ ಹುಡುಗಿಯರೂ ಇದ್ದಾರೆ ಸ್ವಾಮಿ. (ಹುಡುಗಿಯರು ಶಿಕಾರಿ ಕಥೆ ಓದುವುದಿಲ್ಲ ಅಂತ ಅಲ್ಲ, ನಾನೇ ಓದಿದ್ದೇನೆ. ಆದರೆ ಅದೊಂದೇ ಸಾಲದು.) ನನ್ನ ತಂಗಿ ಹೈಸ್ಕೂಲಿನಲ್ಲಿ ಇರುವಾಗ ಮೊದಲ ಸಲ ಊಟ ಬಿಟ್ಟು ಓದಿದ್ದು ಸುಧಾ ಮೂರ್ತಿಯವರ 'ಮಹಾಶ್ವೇತೆ'. ಮದುವೆಯಾದ ಮೇಲೆ ತೊನ್ನು ಕಾಣಿಸಿಕೊಂಡ ಹುಡುಗಿಯ ಕಥೆ. ವಿಮರ್ಶಕರು ಮೂಗು ಮುರಿಯಬಹುದು, ಮುರಿಯಲಿ. ಭಾಷೆ ಎಲ್ಲೂ ತೊಡಕಿಲ್ಲ, ಮುಂದೇನಾಯಿತು ಅಂತ ಪುಟ ತಿರುಗುತ್ತದೆ, ಓದದ ಮಕ್ಕಳಿಗೆ ಬೇಕಾದದ್ದೇ ಅದು.

ವಸುಧೇಂದ್ರ ಅವರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಕೂಡ ತರಿಸಿ. ನಮ್ಮೂರಿನವರು ಅಂತ ಹೇಳುತ್ತಿಲ್ಲ! ಬಿಡಿ ಬಿಡಿ ಪ್ರಬಂಧಗಳು, ಒಂದು ಓದಿ ಇಟ್ಟರೂ ನಷ್ಟವಿಲ್ಲ.

ನನ್ನ ಕೇಳಿದರೆ ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಕೊಳ್ಳಿ. ಇಬ್ಬರ ಹೆಗಲಿಗೆ ನೊಗ ಕಟ್ಟಿ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ, ಎತ್ತಿನ ಜಾಗದಲ್ಲಿರುವ ಇಬ್ಬರಲ್ಲಿ ಒಬ್ಬರು ಹುಡುಗನ ಅಪ್ಪ. ಇಂಥದ್ದನ್ನು ಹೇಳಿದವರೇ ಮುಂದಿನ ಪುಟದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ. ಕರುಣೆ ತೋರಿಸಿ ಅಂತ ಎಲ್ಲೂ ಕೇಳುವುದಿಲ್ಲ. ಹಾಸ್ಟೆಲಿನಿಂದ ಬರುವ ಮಕ್ಕಳಿದ್ದರೆ ಅವರಿಗೆ ಇದು ಬೇರೆಯೇ ಥರ ಓದಿಸಿಕೊಳ್ಳುತ್ತದೆ.

ದುರ್ಗದ ಕನ್ನಡ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಬೆಲ್ಲಿನ ಉಪಾಯ ನಾಳೆಯೇ ಶುರು. ಇನ್ನೊಂದು ತೊಂದರೆ ಹೇಳಿಕೊಳ್ಳಬೇಕು. ಒಂಬತ್ತಕ್ಕೆ ಬಂದರೂ ಒತ್ತಕ್ಷರ ಬಂದ ಕಡೆ ನಿಲ್ಲುವ ಮಕ್ಕಳು ಕೆಲವರಿದ್ದಾರೆ. ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನ, ದೊಡ್ಡದು ಕೊಟ್ಟರೆ ಓದಲಾಗದು. ಅವರಿಗೇನು ಮಾಡಲಿ?

ಪಂಚಾಯಿತಿ ಲೈಬ್ರರಿ:

ನಾನು ಗ್ರಾಮ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವನು. ಮೊದಲು ಒಂದು ಮಾತು: 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಹಳ್ಳಿ ಲೈಬ್ರರಿಗಳಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಮಕ್ಕಳು ಯಾವ ಯಾವ ಪಂಚಾಯಿತಿಯಿಂದ ಬರುತ್ತಾರೋ ಅಲ್ಲೆಲ್ಲಾ ಮಾಡಿಸಿಬಿಡಿ.

ನಿಧಾನ ಓದುವವರಿಗೆ ತೇಜಸ್ವಿಯವರ ಮಿಲೇನಿಯಂ ಸರಣಿ. 16 ಪುಸ್ತಕ, ದಪ್ಪ ಇಲ್ಲ, ನೋಡಲು ಮಕ್ಕಳ ಪುಸ್ತಕದ ಥರವೂ ಇಲ್ಲ. ನಮ್ಮಲ್ಲಿ ಹರಿದು ಚಿಂದಿಯಾಗಿರುವುದು 'ಮಹಾಪಲಾಯನ'. ಸೈಬೀರಿಯಾದ ಕೈದಿಗಳ ಕ್ಯಾಂಪಿನಿಂದ ತಪ್ಪಿಸಿಕೊಂಡವರು ನಡೆದುಕೊಂಡೇ ಹಿಮಾಲಯ ದಾಟಿ ಭಾರತಕ್ಕೆ ಬರುವ ಕಥೆ. ಮಧ್ಯೆ ಗೋಬಿ ಮರುಭೂಮಿ ಬರುತ್ತದೆ, ಗೋಬಿ ಅಂದ ತಕ್ಷಣ ಹುಡುಗರೆಲ್ಲ ಮಂಚೂರಿ ಅಂತ ನಗುತ್ತಾರೆ, ಅಲ್ಲಿ ನೀರಿಲ್ಲದೆ ಹಾವು ತಿನ್ನುವುದು ಓದಿದ ಮೇಲೆ ನಗು ನಿಲ್ಲುತ್ತದೆ. ಒಬ್ಬ ಚೆನ್ನಾಗಿ ಓದುವವನನ್ನೂ ಒಬ್ಬ ತಡವರಿಸುವವನನ್ನೂ ಜೋಡಿ ಮಾಡಿ ಕೂರಿಸಿ. ಒಬ್ಬ ಓದಲಿ, ಇನ್ನೊಬ್ಬ ಬೆರಳಿಟ್ಟು ಸಾಲು ಹಿಂಬಾಲಿಸಲಿ. ಮೈಲ್ಯಾಂಗ್ ಆಪ್‌ನಲ್ಲಿ ಕನ್ನಡದ ಆಡಿಯೊ ಪುಸ್ತಕಗಳೂ ಇವೆ, ಪುಸ್ತಕ ಕೈಯಲ್ಲಿಟ್ಟುಕೊಂಡು ಕೇಳಿಸಿದರೆ ಒತ್ತಕ್ಷರದ ಭಯ ನಿಧಾನಕ್ಕೆ ಹೋಗುತ್ತದೆ.

ಕಾಫಿಸೀಮೆಯವ:

ಮಹಾಪಲಾಯನ ಮರೆತೇಬಿಟ್ಟಿದ್ದೆ ನೋಡಿ. ಅದಕ್ಕೊಂದು ಬಾಲ ಇದೆ, ಮಕ್ಕಳು ಓದಿ ಮುಗಿಸಿದ ಮೇಲೆ ಹೇಳಿ. ಮೂಲ ಪುಸ್ತಕ ಬರೆದ ಸ್ಲಾವೊಮಿರ್ ರಾವಿಚ್ ಇದು ತನ್ನದೇ ಅನುಭವ ಅಂದಿದ್ದ. 2006ರಲ್ಲಿ ಬಿಬಿಸಿಯವರು ಹಳೆಯ ಕಾಗದಪತ್ರ ತೆಗೆಸಿದಾಗ, ಅವನು 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋಗಿದ್ದು ಗೊತ್ತಾಯಿತು. ಹಾಗಾದರೆ ನಡೆದದ್ದು ಯಾರು, ಯಾರಾದರೂ ನಡೆದರಾ ಇಲ್ಲವಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಕ್ಲಾಸನ್ನು ಎರಡು ಪಾರ್ಟಿ ಮಾಡಿ ಬಿಟ್ಟುಬಿಡಿ, ಅವತ್ತು ಪಕ್ಕದ ಕ್ಲಾಸಿನವರು ಗಲಾಟೆ ಅಂತ ದೂರು ತರುತ್ತಾರೆ.

ಇಂಥ "ಇದು ನಿಜಾನಾ?" ಅನ್ನುವ ಗಿರಾಕಿಗಳಿಗೆ ಕೆ.ಎನ್. ಗಣೇಶಯ್ಯ ಕೂಡ ಒಳ್ಳೆಯದು. 'ಕನಕ ಮುಸುಕು' ಹೊಯ್ಸಳರ ಶಿಲ್ಪಗಳ ಸುತ್ತ ಹೆಣೆದ ಥ್ರಿಲ್ಲರ್. ಆದರೆ ಅದು ಎರಡನೇ ಸುತ್ತಿಗೆ.

ದುರ್ಗದ ಕನ್ನಡ ಟೀಚರ್:

ಪಟ್ಟಿ ಮಾಡಿಕೊಂಡೆ. ರುದ್ರಪ್ರಯಾಗ, ಜುಗಾರಿ ಕ್ರಾಸ್, ಊರುಕೇರಿ, ಮಹಾಶ್ವೇತೆ, ನಮ್ಮಮ್ಮ, ಮಿಲೇನಿಯಂ ಸರಣಿಯಲ್ಲಿ ಸಿಕ್ಕಷ್ಟು. ಮಹಾಪಲಾಯನ ಒಂದು ಸಾಕಾ?

ಪಂಚಾಯಿತಿ ಲೈಬ್ರರಿ:

ಕನಿಷ್ಠ ಮೂರು ತಗೊಳ್ಳಿ ಮೇಡಂ. ತಂದ ದಿನವೇ ಬೈಂಡ್ ಹಾಕಿಸಿ.