ಲಾನ್ ತೆಗೆದು ತರಕಾರಿ ಹಾಕಿದೆವು, ಗರಿಕೆ ಬಿಡುತ್ತಿಲ್ಲ. ಸಹಾಯ ಬೇಕು
ನಮಸ್ಕಾರ. ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. ಸುಮ್ನೆ ನೀರು ಕುಡಿಯುತ್ತಿದ್ದ ಲಾನಿನಲ್ಲಿ 30x40 ಅಡಿ ಜಾಗ ಬಿಡಿಸಿಕೊಂಡು, ಎಲ್ಲ ಮನೆಯವರೂ ಸೇರಿ ತರಕಾರಿ ಬೆಳೆಯಲು ಹೊರಟೆವು. ಅಸೋಸಿಯೇಷನ್ ಒಪ್ಪಿಸುವುದೇ ಕಷ್ಟ ಅಂದುಕೊಂಡಿದ್ದೆ. ಗರಿಕೆ ಅದಕ್ಕಿಂತ ಹಟಮಾರಿ!

ಹುಲ್ಲು ಕೆತ್ತಿಸಿ, ರಟ್ಟು ಹಾಸಿ, ಮೇಲೆ ಅರ್ಧ ಅಡಿ ಗೊಬ್ಬರ, ಒಣ ಎಲೆ ಹಾಕಿದೆವು. ಎರಡೇ ತಿಂಗಳಲ್ಲಿ ರಟ್ಟು ಸೀಳಿಕೊಂಡು ಬಂತು. ಕಿತ್ತರೆ ತುಂಡಾದ ಬೇರಿನಿಂದ ಮತ್ತೆ ಚಿಗುರುತ್ತದೆ. ದಂಟು, ಮೆಂತ್ಯ ಅದರೊಳಗೆ ಕಾಣುವುದೇ ಇಲ್ಲ. ಕಳೆನಾಶಕ ಬೇಡ, ಮಕ್ಕಳು ಓಡಾಡುವ ಜಾಗ ಅಲ್ವಾ.

ಏಪ್ರಿಲ್ ಬಿಸಿಲಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ 6 ವಾರ ಬಿಡಿ ಅನ್ನುತ್ತಾರೆ. ಆದರೆ ಒಂದು ಬದಿಗೆ ಹೊಂಗೆ ಮರದ ನೆರಳಿದೆ. ಅಲ್ಲೂ ಇದು ಕೆಲಸ ಮಾಡುತ್ತದಾ, ಅಥವಾ ಒಂದು ಅಡಿ ಅಗೆದು ಬೇರು ಆರಿಸಲೇಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.