ಅಪ್‌ಡೇಟ್: ಸಿಂಗಲ್ ಕ್ರೋಶಾದ ಅಂಚು ಈಗ ನೇರವಾಗಿದೆ

ಸಿಂಗಲ್ ಕ್ರೋಶಾ (ಹುಕ್‌ನಿಂದ ದಾರ ಹೆಣೆಯುವ ಕ್ರೋಶಾದ ಒಂದು ಗಿಡ್ಡ ಹೊಲಿಗೆ) ಹಾಕುವಾಗ ಸಾಲಿನಿಂದ ಸಾಲಿಗೆ ಅಗಲ ಯಾಕೆ ಕಡಿಮೆಯಾಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಈಗ ಅಂಚು ನೇರವಾಗಿ ಬರುತ್ತಿದೆ!

ಎಲ್ಲವೂ ಇರುವುದು ಸಾಲಿನ ತುದಿಯಲ್ಲೇ: ಅಲ್ಲಿ ಹೊಲಿಗೆ ತಪ್ಪಿಹೋದರೆ ಅಗಲ ಕಡಿಮೆಯಾಗುತ್ತದೆ. ಮುಂದಿನ ಸಾಲಿಗೆ ತಿರುಗಿಸುವಾಗ ಹಾಕುವ ಒಂದು ಚೈನ್ (ದಾರದ ಸರಳ ಕುಣಿಕೆ) ಇಲ್ಲಿ ಹೊಲಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅದರ ಬುಡದಲ್ಲಿರುವ ಹೊಲಿಗೆಗೇ ಮೊದಲು ಹುಕ್ ಹಾಕಬೇಕು. ಸಾಲಿನ ಕೊನೆಯ ಹೊಲಿಗೆ ಮಾತ್ರ ಸುಲಭಕ್ಕೆ ಕಾಣುವುದಿಲ್ಲ. ನೀವು ಹೇಳಿದಂತೆ ಪ್ರತಿ ಸಾಲಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸುತ್ತೇನೆ. ವಾಪಸ್ ಬರುವಾಗ ಅದೇ ಕೊನೆಯದು, ಅಲ್ವಾ?

ತಿಳಿ ಬಣ್ಣದ ದಾರ, 5 ಮಿ.ಮೀ. ಹುಕ್ ಕೂಡ ಜಾಸ್ತಿ ಸಹಾಯ ಮಾಡಿತು.

ಮುಂದೆ ಡಬಲ್ ಕ್ರೋಶಾ, ಅಂದರೆ ಇದಕ್ಕಿಂತ ಎತ್ತರದ ಹೊಲಿಗೆ. ಅದರಲ್ಲಿ ತಿರುಗಿಸುವ ಮೂರು ಚೈನ್ ಸಾಮಾನ್ಯವಾಗಿ ಒಂದು ಹೊಲಿಗೆ ಎಂದೇ ಲೆಕ್ಕ.