‘ಸಹಸಂಬಂಧ’ ಸರಿ, ವಾಕ್ಯದಲ್ಲಿ ಆ ‘ಇಂದ’ ಯಾಕೆ?

ಪ್ರಶ್ನೆ (ಶಿರಸಿಯಿಂದ): ಶಿರಸಿ ಶೈಕ್ಷಣಿಕ ಜಿಲ್ಲೆಯ ಕೆಲವು ಶಾಲೆಗಳಲ್ಲಿ ಶಿಕ್ಷಕರ ಸೇವಾವಧಿ, ತರಬೇತಿಯ ದಿನ, ರಜೆ ಒಂದು ಕಡೆ, ಮಕ್ಕಳ ಹಾಜರಿ, ಅಂಕ ಇನ್ನೊಂದು ಕಡೆ ಇಟ್ಟು ಕನ್ನಡದಲ್ಲಿ ವರದಿ ಬರೆಯಬೇಕಾಗಿದೆ. ಕೋರಿಲೇಶನ್‌ಗೆ (ಎರಡು ಅಂಕಿಗಳು ಜೊತೆಜೊತೆಯಾಗಿ ಏರಿಳಿಯುವುದಕ್ಕೆ) ‘ಸಂಬಂಧ’, ‘ಪರಸ್ಪರ ಸಂಬಂಧ’, ‘ಸಹಸಂಬಂಧ’ ಮೂರೂ ಬಳಕೆಯಲ್ಲಿವೆ. ಯಾವುದನ್ನು ಹಿಡಿಯಬೇಕು? ‘ತರಬೇತಿಯಿಂದ ಅಂಕ ಹೆಚ್ಚಿದೆ, ಸಹಸಂಬಂಧ ಶೇ. 87’ ಎಂಬ ವಾಕ್ಯ ಸರಿಯೇ?

ಉತ್ತರ: ‘ಸಹಸಂಬಂಧ’ವನ್ನೇ ಇಟ್ಟುಕೊಳ್ಳಿ, ಅದರ ಅಂಕಿಗೆ ‘ಸಹಸಂಬಂಧಾಂಕ’. 1888ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ಅಳೆಯಲು ಹೊರಟಾಗ ಇಂಗ್ಲಿಷಿನಲ್ಲೂ ನಡುವೆ ಗೆರೆ ಎಳೆದು ‘ಕೋ-ರಿಲೇಶನ್’ ಎಂದೇ ಬರೆದಿದ್ದ. ನಮ್ಮ ‘ಸಹ’ ಆ ‘ಕೋ’ಗೆ ಸರಿಯಾಗಿ ಕೂರುತ್ತದೆ. ಬರೀ ‘ಸಂಬಂಧ’ ಬೇಡ. ನಮ್ಮ ಕಡೆ ಸಂಬಂಧ ಎಂದರೆ ಮದುವೆಯ ಮಾತು ಎನ್ನುವುದು ಹಾಗಿರಲಿ, ಸಹಸಂಬಂಧಾಂಕ 0 ಬಂದ ದಿನ ‘ಸಂಬಂಧವಿಲ್ಲ’ ಎಂದು ಬರೆಯುವ ಪ್ರಸಂಗ ಬರುತ್ತದೆ. ಈ ಅಂಕಿ ತೆಗೆಯುವ ಪಿಯರ್‌ಸನ್ ಸೂತ್ರಕ್ಕೆ ಕಾಣುವುದು ಸರಳರೇಖೆ ಮಾತ್ರ. ಹೋಮ್‌ವರ್ಕ್ ತೀರ ಕಡಿಮೆಯಾದಲ್ಲೂ ಅತಿಯಾದಲ್ಲೂ ಅಂಕ ಕಡಿಮೆ, ಹದವಾಗಿದ್ದಲ್ಲಿ ಹೆಚ್ಚು ಎಂದಿದ್ದರೆ ನಂಟು ಗಟ್ಟಿಯಾಗಿದ್ದೂ ಉತ್ತರ 0ಯ ಆಸುಪಾಸು ಬಂದೀತು. ಹಾಗಾಗಿ ಲೆಕ್ಕಕ್ಕಿಂತ ಮೊದಲು ಚುಕ್ಕಿಚಿತ್ರ (ಒಂದೊಂದು ಜೋಡಿ ಅಂಕಿಗೆ ಒಂದು ಚುಕ್ಕಿ) ಹಾಕಿ ನೋಡಿ.

‘ಋಣಾತ್ಮಕ’ ಪದಕ್ಕೂ ಒಂದು ಮಾತು ಸೇರಿಸಿ. ಶಿಕ್ಷಕರ ರಜೆ ಕಡಿಮೆಯಿದ್ದಲ್ಲಿ ಅಂಕ ಹೆಚ್ಚಿದ್ದರೆ ಅದು ಋಣಾತ್ಮಕ ಸಹಸಂಬಂಧ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿದರೆ ‘ಕೆಟ್ಟದ್ದು’ ಎಂದೇ ಕೇಳಿಸುತ್ತದೆ. ‘ಒಂದು ಏರಿದಲ್ಲಿ ಇನ್ನೊಂದು ಇಳಿದಿದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಈಗ ‘ಶೇ. 87’. ಲೆಕ್ಕಕ್ಕೆಂದು ಐದು ಶಾಲೆ ಹಿಡಿಯೋಣ. ತರಬೇತಿಯ ದಿನ 2, 4, 6, 8, 10. ತರಗತಿಯ ಸರಾಸರಿ ಅಂಕ 48, 55, 51, 60, 61. ದಿನಗಳ ಸರಾಸರಿ 6, ಅಂಕಗಳದ್ದು 55. ಸರಾಸರಿಯಿಂದ ಪ್ರತಿಯೊಂದರ ಅಂತರ ತೆಗೆದು, ಜೋಡಿಜೋಡಿಯಾಗಿ ಗುಣಿಸಿ ಕೂಡಿದರೆ 62. ಅಂತರಗಳ ವರ್ಗಗಳ ಮೊತ್ತ 40 ಮತ್ತು 126. ಇವೆರಡರ ಗುಣಲಬ್ಧ 5040, ಅದರ ವರ್ಗಮೂಲ ಸುಮಾರು 71. 62ನ್ನು ಅದರಿಂದ ಭಾಗಿಸಿದರೆ 0.87. ಇದು ಶೇಕಡಾ ಅಲ್ಲ, -1ರಿಂದ +1ರ ನಡುವಿನ ಬರೀ ಸಂಖ್ಯೆ. ಶೇಕಡಾ ಬೇಕೇಬೇಕೆಂದರೆ ವರ್ಗ ಮಾಡಿ: ಅಂಕಗಳ ಏರಿಳಿತದಲ್ಲಿ ಶೇ. 76ರಷ್ಟು ತರಬೇತಿ ದಿನಗಳ ಏರಿಳಿತದ ಜೊತೆ ಹೊಂದುತ್ತದೆ ಎನ್ನಬಹುದು. ಇಷ್ಟು ದೊಡ್ಡದಾಗಿ ಕಾಣುವ 0.87 ಕೂಡ ಐದೇ ಶಾಲೆಗಳಿಗೆ ಸಾಲದು. ನಂಟೇ ಇಲ್ಲದೆ ಬರೀ ಆಕಸ್ಮಿಕವಾಗಿ ಇಂಥ ಅಂಕಿ ಬರುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ ಎನ್ನಲು ದಾಟಬೇಕಾದ ಗೆರೆ 0.878.

ಆ ವಾಕ್ಯದ ನಿಜವಾದ ತಕರಾರು ‘ಇಂದ’. ತೃತೀಯಾ ವಿಭಕ್ತಿ ಸದ್ದಿಲ್ಲದೆ ಕಾರಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ‘ಇಸು’ ಪ್ರತ್ಯಯವೂ ಹಾಗೇ: ‘ಅಂಕ ಹೆಚ್ಚುತ್ತದೆ’ ಎಂದರೆ ಕಂಡದ್ದನ್ನು ಹೇಳಿದ ಹಾಗೆ, ‘ಅಂಕ ಹೆಚ್ಚಿಸುತ್ತದೆ’ ಎಂದರೆ ತೀರ್ಪು. ಲೆಕ್ಕ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲೇ. ‘ಎಲ್ಲಿ–ಅಲ್ಲಿ’ ಜೋಡಿ ಬಳಸಿ: ‘ಎಲ್ಲಿ ತರಬೇತಿಯ ದಿನಗಳು ಹೆಚ್ಚಿವೆಯೋ ಅಲ್ಲಿ ಸರಾಸರಿ ಅಂಕವೂ ಹೆಚ್ಚಿದೆ (5 ಶಾಲೆ, ಸಹಸಂಬಂಧಾಂಕ 0.87).’

ಇನ್ನು ಶಿಕ್ಷಕರ ಪಟ್ಟಿಗೂ ಮಕ್ಕಳ ಪಟ್ಟಿಗೂ ಸಾಲು ಹೊಂದಿಸುವ ಕ್ರಮ. ಶಾಲೆಯ ಹೆಸರು ನೋಡಿ ಹೊಂದಿಸಬೇಡಿ, ಒಂದೇ ಹೆಸರಿನ ಊರು ಎರಡು ತಾಲೂಕಿನಲ್ಲಿ ಇದ್ದೀತು. ಪ್ರತಿ ಶಾಲೆಗೂ ಬೇರೆಯಾಗಿರುವ 11 ಅಂಕಿಯ ಯುಡೈಸ್ ಸಂಖ್ಯೆ ಹಿಡಿಯಿರಿ. ಒಬ್ಬ ಶಿಕ್ಷಕರ ಸೇವಾವಧಿಯನ್ನು ಅವರ 40 ಮಕ್ಕಳ ಸಾಲಿಗೂ ನಕಲು ಮಾಡಿ ‘40 ಮಾದರಿ’ ಎನ್ನುವುದು ದೊಡ್ಡ ತಪ್ಪು, ಅಲ್ಲಿ ಶಿಕ್ಷಕರು ಒಬ್ಬರೇ. ತರಗತಿಯ ಸರಾಸರಿ ತೆಗೆದು ಒಬ್ಬ ಶಿಕ್ಷಕರಿಗೆ ಒಂದೇ ಸಾಲು ಇಡಿ. ಹಾಗೆ ಇಟ್ಟಮೇಲೆ ಬಿಡಿ ಮಗುವಿನ ಬಗ್ಗೆ ಮಾತಾಡುವಂತಿಲ್ಲ, ಏಕೆಂದರೆ ಸರಾಸರಿಗಳಲ್ಲಿ ಸಹಸಂಬಂಧ ಸಾಮಾನ್ಯವಾಗಿ ಉಬ್ಬುತ್ತದೆ. ಅಮೆರಿಕದ 1930ರ ಜನಗಣತಿಯಲ್ಲಿ ಜನಾಂಗಕ್ಕೂ ಅನಕ್ಷರತೆಗೂ ವ್ಯಕ್ತಿಮಟ್ಟದಲ್ಲಿ 0.203 ಇದ್ದದ್ದು ಒಂಬತ್ತು ಪ್ರದೇಶಗಳ ಲೆಕ್ಕದಲ್ಲಿ 0.946 ಆಗುತ್ತದೆಂದು 1950ರಲ್ಲಿ ಸಮಾಜಶಾಸ್ತ್ರಜ್ಞ ರಾಬಿನ್‌ಸನ್ ತೋರಿಸಿದ.

ಸೇರ್ಪಡೆ (ಕಾರವಾರದಿಂದ): ಗೈರುಹಾಜರಾದ ಮಗುವಿಗೆ 0 ತುಂಬಬೇಡಿ. ಎಕ್ಸೆಲ್‌ನ ಕೋರೆಲ್ ಸೂತ್ರ ಖಾಲಿ ಕೋಶವನ್ನೂ ‘ಗೈ.ಹಾ.’ ಎಂಬ ಅಕ್ಷರವನ್ನೂ ಬಿಟ್ಟು ಮುಂದೆ ಹೋಗುತ್ತದೆ, 0 ಇದ್ದರೆ ಅಂಕವೆಂದೇ ಎಣಿಸುತ್ತದೆ. ನಾಲ್ಕೈದು ಸೊನ್ನೆ ಸಾಕು ರೇಖೆ ಎತ್ತಲೋ ತಿರುಗಲು.

‘ಇಂದ’ದ ಮಾತಿಗೆ ಕರಾವಳಿಯ ಉದಾಹರಣೆ ಕೊಡಬಹುದು. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಬಂಗಡೆಯ ದರ ಏರುತ್ತದೆ. ಅದೇ ಮಳೆಗೆ ಹಳ್ಳ ತುಂಬಿ ಜೊಯಿಡಾದ ಒಳಗಿನ ಶಾಲೆಗಳಲ್ಲಿ ಹಾಜರಿ ಇಳಿದರೆ, ಎರಡಕ್ಕೂ ಚೆಂದದ ಋಣಾತ್ಮಕ ಸಹಸಂಬಂಧ ಸಿಗುತ್ತದೆ. ಬಂಗಡೆ ತುಟ್ಟಿಯಾದ್ದರಿಂದ ಮಕ್ಕಳು ಶಾಲೆ ತಪ್ಪಿಸಿದರು ಎಂದು ಯಾರೂ ಬರೆಯುವುದಿಲ್ಲ. ಸೇವಾವಧಿ ಮತ್ತು ಅಂಕದ ವಿಷಯದಲ್ಲಿ ಮಾತ್ರ ಬರೆದುಬಿಡುತ್ತೇವೆ. ಹಿರಿಯ ಶಿಕ್ಷಕರು ವರ್ಗಾವಣೆ ಪಡೆದು ಪೇಟೆಯ ಶಾಲೆಗಳಲ್ಲಿ ಸೇರಿಕೊಂಡಿದ್ದರೆ, ಪೇಟೆಯ ಮಕ್ಕಳಿಗೆ ಟ್ಯೂಷನ್ನೂ ಸಿಗುತ್ತಿದ್ದರೆ, ಸೇವಾವಧಿಯ ಪಾಲೆಷ್ಟು? ಪೇಟೆ, ಹಳ್ಳಿ ಬೇರೆ ಮಾಡಿ ಎರಡು ಸಲ ಲೆಕ್ಕ ಹಾಕಿ. ಬೇರೆಬೇರೆಯಾಗಿ ನೋಡಿದಾಗ ನಂಟು ಕರಗಿದರೆ, ವರದಿಯಲ್ಲಿ ಆ ಎರಡು ಅಂಕಿಗಳನ್ನೂ ಒಟ್ಟು ಅಂಕಿಯ ಪಕ್ಕದಲ್ಲೇ ಕೊಡಿ.